ಪಿಎಸ್3 ಬ್ಲೂ-ರೇಯನ್ನ ಗೆಲ್ಲಿಸ್ತಾ, ಇಲ್ಲಾ ಬ್ಲೂ-ರೇ ಪಿಎಸ್3ಯನ್ನ ಮುಳುಗಿಸ್ತಾ?

ಅಟ್ಟದ_ಪೆಟ್ಟಿಗೆ
ದೀಪಾವಳಿಗೆ ಮುಂಚೆ ಅಟ್ಟ ಗುಡಿಸೋ ಕೆಲಸ ಈ ಸಲ ನನ್ನ ತಲೆಗೇ ಬಂತು. ಹಿತ್ತಾಳೆ ಹಂಡೆ, ದಸರಾ ಗೊಂಬೆ ಪೆಟ್ಟಿಗೆ, ಅಜ್ಜಿಯ ಟ್ರಂಕು ಎಲ್ಲಾ ಸರಿಸಿ ನೋಡಿದ್ರೆ ಮೂಲೇಲಿ ಹಳೇ ಪಂಚೆ ಸುತ್ತಿಟ್ಟ ಬಿಳೀ ಡಬ್ಬ. ದಪ್ಪ ನಿಘಂಟಿನ ಗಾತ್ರ, ಬೆನ್ನಲ್ಲಿ ಎರಡು ಯುಎಸ್‌ಬಿ ಕಿಂಡಿ. ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360 ಪಕ್ಕ ಇಡೋ ಎಚ್‌ಡಿ ಡಿವಿಡಿ ಡ್ರೈವ್! ಡಿವಿಡಿ ಆದ್ಮೇಲೆ ಎಚ್‌ಡಿ ಪಿಕ್ಚರ್‌ಗೆ ಅಂತ ತೋಶಿಬಾ ತಂದ ಡಿಸ್ಕು ಅದು, ಸೋನಿಯ ಬ್ಲೂ-ರೇ ಡಿಸ್ಕಿನ ಎದುರು ಸೋತು ಹೋಯ್ತು. ಜೊತೆಗೆ ಒಂದು ರಿಮೋಟು, ಕೆಂಪು ಡಬ್ಬಿಯ ಏಳು ಪಿಕ್ಚರ್. 2008ರಲ್ಲಿ ಸೋದರಮಾವ ಅಮೆರಿಕದಿಂದ ಬರ್ತಾ ತಂದಿದ್ದು. 199 ಡಾಲರ್ ಮಾಲು 50 ಡಾಲರ್‌ಗೆ ಹೊಡ್ಕೊಂಡು ಬಂದೆ ಅಂತ ಆಗ ಎದೆ ಉಬ್ಬಿಸಿದ್ರು. ಯಾಕಷ್ಟು ಅಗ್ಗ ಅಂತ ಮನೇಲಿ ಯಾರೂ ಕೇಳಲಿಲ್ಲ.

ಈಗ ಊಟಕ್ಕೆ ಕೂತಾಗ ಅದನ್ನ ತೋರಿಸಿದೆ ನೋಡಿ, ಶುರುವಾಯ್ತು. ಮಾವನ ವಾದ: ತನ್ನ ಗೇಮ್ ಯಂತ್ರ ಪಿಎಸ್3 (ಪ್ಲೇಸ್ಟೇಷನ್ 3) ಹೊಟ್ಟೆಯೊಳಗೆ ಬ್ಲೂ-ರೇ ಇಟ್ಟಿದ್ದಕ್ಕೇ ಸೋನಿ ಆ ಡಿಸ್ಕ್ ಜಗಳ ಗೆದ್ದಿದ್ದು. ಭಾವನ ವಾದ: ಅದನ್ನ ಇಟ್ಟಿದ್ದಕ್ಕೇ ಪಿಎಸ್3 ಮಕಾಡೆ ಬಿದ್ದಿದ್ದು, ಪಿಎಸ್2 ಕಾಲದ ದರ್ಬಾರು ಮತ್ತೆ ಬರಲೇ ಇಲ್ಲ. ಹೋಳಿಗೆ ಆರಿ ಹೋಯ್ತು, ಜಗಳ ಆರಲಿಲ್ಲ. ನೀವೇ ಪಂಚಾಯ್ತಿ ಮಾಡಿ. ಈ ಡ್ರೈವು ಈಗ ಯಾವ ಉಪಯೋಗಕ್ಕಾದ್ರೂ ಬರುತ್ತಾ ಅನ್ನೋದನ್ನೂ ಹೇಳಿ.

ತಟ್ಟೆ_ಇಡ್ಲಿ
ಬರುತ್ತೆ. ಗಾಳಿಗೆ ಪೇಪರ್ ಹಾರದ ಹಾಗೆ ಇಡಬಹುದು.

ಗಿರಿನಗರ_ಗೇಮರ್
ಭಾವಂಗೆ ನನ್ನ ಓಟು. ಲೆಕ್ಕ ನೋಡಿ. 360 ಅಮೆರಿಕದಲ್ಲಿ ಬಂದಿದ್ದು 2005ರ ನವೆಂಬರ್. ಪಿಎಸ್3 ಬರಬೇಕಾಗಿದ್ದು 2006ರ ವಸಂತದಲ್ಲಿ. ಬ್ಲೂ-ರೇಯ ಕಾಪಿ ತಡೆಯೋ ವ್ಯವಸ್ಥೆ ಇನ್ನೂ ಮುಗಿದಿಲ್ಲ ಅಂತ ನವೆಂಬರ್‌ಗೆ ತಳ್ಳಿದ್ರು. ಆಮೇಲೆ ನೀಲಿ ಲೇಸರ್ ಡಯೋಡ್ ಸಾಕಾಗ್ತಿಲ್ಲ ಅಂತ ಯುರೋಪಿಗೆ 2007ರ ಮಾರ್ಚ್ ಮಾಡಿದ್ರು. ಒಂದು ವರ್ಷ ಮೈದಾನ ಎದುರಾಳಿಗೆ ಬಿಟ್ಟುಕೊಟ್ಟ ಹಾಗಾಯ್ತು. ಅದರ ಮೇಲೆ ಬೆಲೆ 499 ಮತ್ತು 599 ಡಾಲರ್!

ನಮ್ಮಲ್ಲಿ 2007ರ ಏಪ್ರಿಲ್‌ನಲ್ಲಿ ಬಂದಾಗ 39,990 ರೂಪಾಯಿ. ಆಗ ನಾನು ಪಿಯುಸಿ. ಪೇಪರ್ ಜಾಹೀರಾತು ಹಿಡ್ಕೊಂಡು ಅಪ್ಪನ ಮುಂದೆ ನಿಂತೆ. ಕನ್ನಡಕ ಏರಿಸಿ ಓದಿದ್ರು, ಪೇಪರ್ ನಾಲ್ಕಾಗಿ ಮಡಚಿದ್ರು, “ಇದಕ್ಕೆ ಇನ್ನೊಂಚೂರು ಹಾಕಿದ್ರೆ ಸ್ಕೂಟರ್ ಬರುತ್ತಲ್ಲೋ” ಅಂದ್ರು. ಸ್ಕೂಟರ್ರೇ ಬಂತು.

ನೀಲಿ_ಕಿರಣ
ತೀರ್ಪು ಕೊಡೋ ಮುಂಚೆ ಇವೆರಡಕ್ಕೂ ವ್ಯತ್ಯಾಸ ಏನು ಅಂತ ಹೇಳಿಬಿಡ್ತೀನಿ. ಬಹಳ ಜನ “ಬ್ಲೂ-ರೇಗೆ ಮಾತ್ರ ನೀಲಿ ಲೇಸರ್” ಅಂದ್ಕೊಂಡಿದ್ದಾರೆ. ತಪ್ಪು. ಎರಡಕ್ಕೂ ಒಂದೇ, 405 ನ್ಯಾನೊಮೀಟರ್‌ನ ನೀಲಿ-ನೇರಳೆ ಬೆಳಕು. ಡಿವಿಡಿಗೆ 650ರ ಕೆಂಪು.

ವ್ಯತ್ಯಾಸ ಇರೋದು ಆ ಬೆಳಕನ್ನ ಎಷ್ಟು ಸಣ್ಣ ಚುಕ್ಕಿ ಮಾಡ್ತಾರೆ ಅನ್ನೋದ್ರಲ್ಲಿ. ರಂಗೋಲಿ ಪುಡಿ ಒಂದೇ. ನಮ್ಮಮ್ಮ ಎಳೆ ಬಿಟ್ರೆ ದಾರ, ನಾನು ಬಿಟ್ರೆ ಹಗ್ಗ. ಸಣ್ಣ ಎಳೆ ಆದ್ರೆ ಅದೇ ಅಂಗಳದಲ್ಲಿ ಜಾಸ್ತಿ ರಂಗೋಲಿ ಹಿಡಿಯುತ್ತೆ. ಮಸೂರ ಬೆಳಕನ್ನ ಎಷ್ಟು ಬಿಗಿಯಾಗಿ ಕೂಡಿಸುತ್ತೆ ಅನ್ನೋ ಅಳತೆಗೆ ದ್ಯುತಿರಂಧ್ರದ ಅಂಕಿ ಅಂತಾರೆ. ಬ್ಲೂ-ರೇಯದು 0.85, ಎಚ್‌ಡಿ ಡಿವಿಡಿಯದು 0.65. ಹಾಗಾಗಿ ಒಂದು ಪದರಕ್ಕೆ ಅದರಲ್ಲಿ 25 ಜಿಬಿ, ಇದರಲ್ಲಿ 15. ಎರಡು ಪದರ ಮಾಡಿದ್ರೆ 50, 30.

ಆದ್ರೆ ಅಷ್ಟು ಬಿಗಿಯಾಗಿ ಬೆಳಕು ಕೂಡಿಸಬೇಕು ಅಂದ್ರೆ ಮಾಹಿತಿ ಮೇಲ್ಮೈಗೆ ತೀರಾ ಹತ್ತಿರ ಇರಬೇಕು. ಬ್ಲೂ-ರೇಲಿ ಮೇಲಿರೋ ಹೊದಿಕೆ ಬರೀ 0.1 ಮಿಲಿಮೀಟರ್. ಉಗುರು ತಾಗಿದ್ರೂ ಕಥೆ ಮುಗೀತು. ಅದಕ್ಕೇ 2003ರಲ್ಲಿ ಜಪಾನಿನಲ್ಲಿ ಮೊದಲು ಬಂದ ಬ್ಲೂ-ರೇ ರೆಕಾರ್ಡರ್ ಡಿಸ್ಕುಗಳು ಕವಚದ ಒಳಗೆ ಇರ್ತಿದ್ವು. ಆಮೇಲೆ ಗಟ್ಟಿ ಲೇಪನ ಬಂದು ಕವಚ ಹೋಯ್ತು. ಎಚ್‌ಡಿ ಡಿವಿಡಿಯದು ಡಿವಿಡಿ ಥರಾನೇ 0.6 ಮಿಲಿಮೀಟರ್. ಡಿವಿಡಿ ಒತ್ತೋ ಕಾರ್ಖಾನೆಯಲ್ಲೇ ಸ್ವಲ್ಪ ಬದಲಾಯಿಸಿಕೊಂಡು ಇದನ್ನೂ ಒತ್ತಬಹುದಿತ್ತು. ತೋಶಿಬಾದವರ ಇಡೀ ವಾದ ಅದೇ: ಅಗ್ಗ, ಸಾಕಷ್ಟು ಜಾಗ, ಇನ್ನೇನು ಬೇಕು?

ತಟ್ಟೆ_ಇಡ್ಲಿ
ರಂಗೋಲಿ ಉಪಮೆಗೆ ಲೈಕು. ನಿಮ್ಮ ಹಗ್ಗದ ಫೋಟೋ ಹಾಕಿ.

ಎಡಿಸನ್_ಅಕ್ಕ
ನ್ಯೂಜೆರ್ಸಿಯಿಂದ ಒಂದು ಕಣ್ಣೀರಿನ ಕಥೆ. 2007ರ ಥ್ಯಾಂಕ್ಸ್‌ಗಿವಿಂಗ್ ಮುಂಚೆ ಎಚ್‌ಡಿ ಡಿವಿಡಿ ಪ್ಲೇಯರು 100 ಡಾಲರ್ ಒಳಗೆ ಬಂತು. ಬ್ಲೂ-ರೇ ಪ್ಲೇಯರ್ ಇನ್ನೂ ಅದರ ಮೂರ್ನಾಲ್ಕು ಪಟ್ಟು. ನಮ್ಮನೆಯವರು ಬೆಳಗಿನ ಜಾವ ಮಂಕಿ ಕ್ಯಾಪ್ ಹಾಕ್ಕೊಂಡು ಕ್ಯೂ ನಿಂತು ತಂದ್ರು. ನಾನು ಬಿಸಿಬೇಳೆಬಾತ್ ಮಾಡಿ ಅಕ್ಕಪಕ್ಕದ ನಾಲ್ಕು ಕನ್ನಡದ ಮನೆಯವರನ್ನ ಪಿಕ್ಚರ್‌ಗೆ ಕರೆದೆ. ಆ ರಾತ್ರಿ ಅವರ ಮುಖದ ಕಳೆ ನೋಡಬೇಕಿತ್ತು ನೀವು.

2008ರ ಜನವರಿ 4ಕ್ಕೆ ಪಿಕ್ಚರ್ ಕಂಪನಿ ವಾರ್ನರ್ ಬ್ರದರ್ಸ್ ಇನ್ಮೇಲೆ ಬ್ಲೂ-ರೇ ಒಂದೇ ಅಂದುಬಿಡ್ತು. ಲಾಸ್ ವೇಗಸ್‌ನ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳ ಶುರುವಾಗೋಕೆ ಇನ್ನು ಎರಡು ಮೂರು ದಿನ! ಫೆಬ್ರವರಿಯಲ್ಲಿ ಆಗ ಡಿಸ್ಕ್ ಬಾಡಿಗೆಗೆ ಕೊಡ್ತಿದ್ದ ನೆಟ್‌ಫ್ಲಿಕ್ಸ್, ದೊಡ್ಡ ಅಂಗಡಿಗಳಾದ ಬೆಸ್ಟ್ ಬೈ, ವಾಲ್‌ಮಾರ್ಟ್ ಒಂದರ ಹಿಂದೆ ಒಂದು ಆ ಕಡೆ ಹೋದ್ವು. ಫೆಬ್ರವರಿ 19ಕ್ಕೆ ತೋಶಿಬಾ ಕೈ ಎತ್ತಿತು. ಕ್ಯೂ ನಿಂತು ಮೂರು ತಿಂಗಳು ತುಂಬಿತ್ತು ಅಷ್ಟೇ. ವಾಪಸ್ ತಗೋತೀರಾ ಅಂತ ಅಂಗಡಿಗೆ ಹೋದ್ರೆ ಕೌಂಟರ್‌ನ ಹುಡುಗ ರಸೀದಿ ತಾರೀಖು ನೋಡಿ ನಕ್ಕ. ಈಗಲೂ ಮನೇಲಿ ಏನಾದ್ರೂ ದುಡುಕಿ ತಂದ್ರೆ “ಎಚ್‌ಡಿ ಡಿವಿಡಿ ತಂದ್ರಿ” ಅಂತಲೇ ಹೇಳೋದು.

ಹುಬ್ಬಳ್ಳಿ_ಹುಲಿ
ನಮ್ಮ ಕಡೆ ಇವೆರಡನ್ನೂ ಯಾರೂ ಕಣ್ಣಿಲೆ ನೋಡಿರಲಿಲ್ರೀ. ಆಗ ಮೋಸರ್ ಬೇರ್‌ನವರು 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಕೊಡ್ತಿದ್ರು. ಮನ್ಯಾಗ ಡಬ್ಬಿ ಟಿವಿ. ಅದರಾಗ ಎಚ್‌ಡಿ ಚಿತ್ರದ 1080 ಗೆರಿ ಎಲ್ಲಿಂದ ಕಾಣಬೇಕ್ರೀ?

ಖರೇ ವಿಷಯ ಬ್ಯಾರೆನ ಐತಿ. ನಮ್ಮ ಗೆಳ್ಯಾ 360 ತಗೊಂಡಿದ್ದಕ್ಕ ಕಾರಣ ಒಂದ: ಅದರಾಗ ಡಿವಿಡಿ. ಯಾರೋ ಒಬ್ಬಾಂವ ಅದರ ಡ್ರೈವಿಗೆ ಏನೋ ಮಾಡಿಕೊಟ್ಟ, ಮುಂದ ನೂರು ರೂಪಾಯಿಗೊಂದು ಗೇಮ್. ಪಿಎಸ್3 ಇದ್ದಾಂವ ಎರಡೂವರಿ ಸಾವಿರ ಕೊಟ್ಟು ಅಸಲಿ ತರಬೇಕು. ಖಾಲಿ ಬ್ಲೂ-ರೇ ಡಿಸ್ಕಿಗೇ ರಗಡ ರೊಕ್ಕ, ಬರೆಯೂ ಯಂತ್ರಕ್ಕ ಇನ್ನೂ ರಗಡ. 2010ರ ತನಕ ಪಿಎಸ್3 ಬೀಗಾ ಯಾರಿಗೂ ಒಡೀಲಿಕ್ಕೆ ಆಗಿರಲಿಲ್ಲ. ಇಲ್ಲಿ ಡಿಸ್ಕಿನ ಕದನ ಗೆದ್ದಿದ್ದು ಚಿತ್ರದ ಚಂದದಿಂದ ಅಲ್ರೀ, ಕಿಸೆದಿಂದ.

ಮೇಲ್ವಿಚಾರಕ
ಹುಲಿ ಅವರೇ, “ಯಾರೋ ಒಬ್ಬಾಂವ” ಇರೋ ಅಂಗಡಿ ಎಲ್ಲಿ ಅಂತ ಯಾರೂ ಕೇಳಬೇಡಿ, ನೀವೂ ಹೇಳಬೇಡಿ.

ಹುಬ್ಬಳ್ಳಿ_ಹುಲಿ
ಅಂಗಡಿ ಮುಚ್ಚಿ ಹತ್ತು ವರ್ಷ ಆತ್ರೀ ಸರ್. ಈಗ ಅಲ್ಲಿ ಗಿರಮಿಟ್ ಮಾರ್ತಾರ.

ಕಂಟ್ರೋಲರ್_ಕಿಟ್ಟಿ
ಎಚ್‌ಡಿ ಡಿವಿಡಿ ಗೆದ್ದಿದ್ರೆ 360 ಗೇಮ್‌ಗಳೂ 30 ಜಿಬಿ ಡಿಸ್ಕಲ್ಲಿ ಬರ್ತಿದ್ವು. ಒಂದೆರಡು ಬಂದಿದ್ವು ಅಲ್ವಾ?

ಗಿರಿನಗರ_ಗೇಮರ್
ಒಂದೂ ಬಂದಿಲ್ಲ ಕಿಟ್ಟಿ. ಆ ಡ್ರೈವು ಪಿಕ್ಚರ್ ನೋಡೋಕೆ ಮಾತ್ರ. ಮೈಕ್ರೋಸಾಫ್ಟ್ ಅದನ್ನ ಒಳಗೆ ಇಡಲಿಲ್ಲ ಅಂದಮೇಲೆ ಎಲ್ಲರ ಹತ್ರ ಅದು ಇರಲ್ಲ, ಗೇಮ್ ಮಾಡೋರು ಯಾಕೆ ಅದರಲ್ಲಿ ಕೊಡ್ತಾರೆ? 360 ಗೇಮು ಕೊನೇ ತನಕ ಡಿವಿಡಿಯಲ್ಲೇ. ಹೆಸರಿಗೆ 8.5 ಜಿಬಿ, ಗೇಮಿಗೆ ಸಿಗ್ತಿದ್ದಿದ್ದು ಸುಮಾರು ಏಳು.

ಹಳೇ_ಕ್ಯಾಸೆಟ್
ಅದರ ಪರಿಣಾಮ ಗೊತ್ತಲ್ಲ? ‘ಲಾಸ್ಟ್ ಒಡಿಸ್ಸಿ’ ನಾಲ್ಕು ಡಿಸ್ಕು. ‘ಫೈನಲ್ ಫ್ಯಾಂಟಸಿ 13’ ಪಿಎಸ್3ಯಲ್ಲಿ ಒಂದು, 360ಯಲ್ಲಿ ಮೂರು. ಅದೂ ಮಧ್ಯದಲ್ಲಿ ಬರೋ ವಿಡಿಯೋಗಳನ್ನ ಹಿಂಡಿ ಹಿಪ್ಪೆ ಮಾಡಿ ತುರುಕಿದ್ರು. ‘ಎಲ್.ಎ. ನೊಯಿರ್’ ಕೂಡ ಮೂರು. ‘ಮೆಟಲ್ ಗೇರ್ ಸಾಲಿಡ್ 4’ ಅಂತೂ 50 ಜಿಬಿಯ ಎರಡು ಪದರದ ಬ್ಲೂ-ರೇಯಲ್ಲೇ ಬಂತು. ಅದನ್ನ ಡಿವಿಡಿಗೆ ಹಾಕಿದ್ರೆ ಇಸ್ಪೀಟ್ ಕಟ್ಟಿನ ಹಾಗೆ ಹಿಡ್ಕೊಂಡು ಕೂರಬೇಕಿತ್ತು.

ಕುಡ್ಲದ_ಗಾಳಿ
ಡಿಸ್ಕ್ ಬದಲಿಸ್ಲಿಕ್ಕೆ ಎದ್ದು ಹೋಗುವುದು ಎಂತ ದೊಡ್ಡ ಕಷ್ಟ ಮಾರಾಯ್ರೆ? ಹತ್ತು ಗಂಟೆಗೆ ಒಂದು ಸಲ ಕಾಲು ನೀಡಿದ ಹಾಗೂ ಆಯ್ತು.

ಮತ್ತೆ ಪಿಎಸ್3ಯವರು ಕೂತಲ್ಲೇ ಎಷ್ಟು ಹೊತ್ತು ಕಾದಿದ್ದಾರೆ ಅಂತ ಅದನ್ನೂ ಹೇಳಿ. ಅದರ ಬ್ಲೂ-ರೇ ಡ್ರೈವ್ 2ಎಕ್ಸ್, ಸೆಕೆಂಡಿಗೆ 9 ಎಂಬಿ. 360ಯ 12ಎಕ್ಸ್ ಡಿವಿಡಿ ಡಿಸ್ಕಿನ ಹೊರ ಅಂಚಲ್ಲಿ 15 ದಾಟ್ತದೆ. ಜಾಗ ಉಂಟು, ಓಟ ಇಲ್ಲ. ಅದಕ್ಕೇ ಮೊದಲು ಹಾರ್ಡ್ ಡಿಸ್ಕಿಗೆ ಸುರಿ, ಆಮೇಲೆ ಆಡು. ‘ಡೆವಿಲ್ ಮೇ ಕ್ರೈ 4’ ಹಾಕಿ ನಾನು ಸ್ನಾನಕ್ಕೆ ಹೋಗಿ ಬಂದೆ, ಮತ್ತೂ ಮುಗಿದಿರಲಿಲ್ಲ. ಇಪ್ಪತ್ತು ನಿಮಿಷ!

ನೀಲಿ_ಕಿರಣ
ಸಣ್ಣ ತಿದ್ದುಪಡಿ. ಆ 12ಎಕ್ಸ್ ಒಂದು ಪದರದ ಡಿಸ್ಕಿಗೆ, ಅದೂ ಹೊರ ಅಂಚಿಗೆ ಮಾತ್ರ. ಒಳಗೆ ಬಂದ ಹಾಗೆ ನಿಧಾನ. ಗೇಮ್‌ಗಳು ಬರ್ತಿದ್ದ ಎರಡು ಪದರದ ಡಿಸ್ಕಿಗೆ ಇನ್ನೂ ಕಮ್ಮಿ. ಪಿಎಸ್3ಯ ಬ್ಲೂ-ರೇ ಒಳಗೂ ಹೊರಗೂ ಒಂದೇ ವೇಗ. ಆದ್ರೂ ಒಟ್ಟಾರೆ ನೀವು ಹೇಳಿದ್ದು ಸರಿ.

ಮಲೆನಾಡ್_ಮಳೆ
‘ಮೆಟಲ್ ಗೇರ್ 4’ ಅಂದ ಕೂಡಲೇ ನೆನಪಾಯ್ತು. ಒಂದೊಂದು ಅಧ್ಯಾಯಕ್ಕೂ ಬೇರೆ ಬೇರೆ ಇನ್‌ಸ್ಟಾಲ್. ಆ ಹೊತ್ತಲ್ಲಿ ತೆರೆ ಮೇಲೆ ನಾಯಕ ಮುದುಕ ಸುಮ್ನೆ ಸಿಗರೇಟ್ ಸೇದ್ತಾ ನಿಂತಿರ್ತಾನೆ, ಹೊಗೆ ಮೆಲ್ಲಗೆ ಮೇಲೇಳುತ್ತೆ, ಕೆಳಗೆ ಪಟ್ಟಿ ಇರುವೆ ಥರ ಹರಿಯುತ್ತೆ. ತೀರ್ಥಹಳ್ಳಿ ಮನೆ, ಜುಲೈ ತಿಂಗಳು, ಹೊರಗೆ ಸುರಿಯೋ ಮಳೆ. ಅಜ್ಜ ಕಂಬಳಿ ಹೊದ್ದು ಬಂದು ಪಕ್ಕ ಕೂತು ಐದು ನಿಮಿಷ ನೋಡಿದ್ರು. “ಇದೇನ್ ಮಾರಾಯ, ಇಷ್ಟು ದುಡ್ಡು ಕೊಟ್ಟು ತಂದಿದ್ದು ಇವ ಬೀಡಿ ಸೇದೋದ್ ನೋಡೋಕಾ?” ಅಂದ್ರು. ಪಟ್ಟಿ ಇನ್ನೇನು ತುಂಬಬೇಕು, ಕರೆಂಟ್ ಹೋಯ್ತು.

ತಟ್ಟೆ_ಇಡ್ಲಿ
ಅಜ್ಜನೇ ಈ ಚರ್ಚೆಯ ವಿಜೇತ. ಮುಚ್ಚಿಬಿಡಿ.

ಹಳೇ_ಕ್ಯಾಸೆಟ್
ಮುಚ್ಚಬೇಡಿ, ಮುಖ್ಯ ವಿಷಯ ಯಾರೂ ಮುಟ್ಟೇ ಇಲ್ಲ. ಸೋನಿ ಯಾಕಿಷ್ಟು ಹಟ ಹಿಡೀತು? ವಿಡಿಯೋ ಕ್ಯಾಸೆಟ್ ಕಾಲದಲ್ಲಿ ತನ್ನ ಬೀಟಾಮ್ಯಾಕ್ಸ್ ವಿಎಚ್‌ಎಸ್ ಎದುರು ಸೋತ ಗಾಯ ಒಂದು. ಇನ್ನೊಂದು ಡಿವಿಡಿ. 1995ರಲ್ಲಿ ಸೋನಿ-ಫಿಲಿಪ್ಸ್ ಒಂದು ಡಿಸ್ಕ್ ಮಾಡಿದ್ವು, ತೋಶಿಬಾ ಕಡೆಯವರು ಇನ್ನೊಂದು. ಕಂಪ್ಯೂಟರ್ ಕಂಪನಿಗಳು ನಡುವೆ ಬಂದು ಒಂದೇ ಮಾಡಿಸಿದ್ರು, ಆದ್ರೆ ಆ ಒಂದರಲ್ಲಿ ತೋಶಿಬಾ ಪಾಲೇ ಹೆಚ್ಚು. ಹತ್ತು ವರ್ಷ ಆದ್ಮೇಲೆ ಅದೇ ಇಬ್ಬರು ಮತ್ತೆ ಎದುರುಬದುರು. 2005ರಲ್ಲಿ ಒಂದಾಗೋ ಮಾತುಕತೆ ಆಯ್ತು, ಮುರೀತು. ದಾಯಾದಿ ಜಗಳ ಸ್ವಾಮಿ ಇದು.

ಬೀಟಾಮ್ಯಾಕ್ಸ್ ಅಂದ್ರೆ, ನಮ್ಮ ಬೀದೀಲಿ ಯಾರಾದ್ರೂ ವಿಸಿಆರ್ ಬಾಡಿಗೆಗೆ ತಂದ್ರೆ ರಾತ್ರಿಯಿಡೀ ಮೂರು ಪಿಕ್ಚರ್. ಟಿವಿ ಕಿಟಕಿ ಕಡೆ ತಿರುಗಿಸಿ ಇಟ್ರೆ ಹೊರಗೂ ಹದಿನೈದು ಜನ. ಮೂರನೇದರ ಕ್ಲೈಮ್ಯಾಕ್ಸ್‌ಗೆ ಹಾಲಿನವನು ಬರೋನು. ಅವನೂ ನಿಂತು ನೋಡೋನು.

ಮೈಸೂರ್_ಪಾಕ್
ವಿಸಿಆರ್ ಬಾಡಿಗೆ ತಂದ ರಾತ್ರಿ ಹೆಡ್ ಕ್ಲೀನ್ ಮಾಡೋಕೆ ಹೊಸ ನೋಟು ಹುಡುಕ್ತಿದ್ದವರು ಕೈ ಎತ್ತಿ.

ಎಡಿಸನ್_ಅಕ್ಕ
ಎತ್ತಿದೆ.

ಕೌಶಲ್ಯ_ಕೋಡ್
ಎಲ್ಲಾ ತಪ್ಪನ್ನೂ ಬ್ಲೂ-ರೇ ತಲೆಗೆ ಕಟ್ಟಬೇಡಿ. ಪಿಎಸ್3 ದುಬಾರಿ ಆಗಿದ್ದಕ್ಕೂ, ಗೇಮ್ ಮಾಡೋರು ಅದನ್ನ ಕಂಡ್ರೆ ಓಡಿದ್ದಕ್ಕೂ ಸೆಲ್ ಅನ್ನೋ ಚಿಪ್ಪೂ ಕಾರಣ. ಒಂದು ಮುಖ್ಯ ತಿರುಳು (ಕೋರ್), ಸುತ್ತ ಸಣ್ಣ ಸಣ್ಣ ತಿರುಳುಗಳು, ಪ್ರತಿಯೊಂದಕ್ಕೂ 256 ಕೆಬಿ ಮೆಮೊರಿಯ ಪುಟ್ಟ ಗೂಡು. ಅದಕ್ಕೆ ಕೋಡ್ ಬರೆಯೋದು ಅಂದ್ರೆ ಜಂಟಿ ಕುಟುಂಬದಲ್ಲಿ ಎಲ್ಲರಿಗೂ ಬೇರೆ ಬೇರೆ ಒಲೆಯಲ್ಲಿ ಅಡುಗೆ ಮಾಡಿ ಒಂದೇ ಹೊತ್ತಿಗೆ ಬಡಿಸಿದ ಹಾಗೆ.

ಈಗ ತಮಾಷೆ ಕೇಳಿ. ಆ ಸೆಲ್ ಮಾಡಿದವರು ಯಾರು? ಸೋನಿ, ಐಬಿಎಂ, ಮತ್ತೆ... ತೋಶಿಬಾ! ಎಚ್‌ಡಿ ಡಿವಿಡಿಯ ಕತ್ತು ಹಿಸುಕಿದ ಡಬ್ಬದ ಮೆದುಳಲ್ಲಿ ತೋಶಿಬಾದ್ದೇ ಪಾಲು.

ಗಿರಿನಗರ_ಗೇಮರ್
ಸೆಲ್ ಇರಲಿ. ದುಡ್ಡಿನ ಲೆಕ್ಕ ನೋಡಿ. ಪಿಎಸ್3 ಬಂದಾಗ ಐಸಪ್ಲೈ ಸಂಸ್ಥೆಯವರು ಬಿಚ್ಚಿ ಲೆಕ್ಕ ಹಾಕಿದ್ರು: 60 ಜಿಬಿ ಮಾದರಿ ತಯಾರಿಸೋಕೇ ಸುಮಾರು 840 ಡಾಲರ್, ಮಾರ್ತಿದ್ದಿದ್ದು 599ಕ್ಕೆ. 2007ರ ಮಾರ್ಚ್‌ಗೆ ಮುಗಿದ ವರ್ಷ ಸೋನಿ ಗೇಮ್ ವಿಭಾಗಕ್ಕೆ 232.3 ಶತಕೋಟಿ ಯೆನ್ ನಷ್ಟ. ಪಿಎಸ್2 ಹದಿನೈದು ಕೋಟಿ ದಾಟಿ ಮಾರಾಟ ಆಗಿತ್ತು. ಪಿಎಸ್3 ಎಂಟೂ ಮುಕ್ಕಾಲು ಕೋಟಿಗೆ ನಿಂತಿತು. ಪಿಕ್ಚರ್ ಕಂಪನಿಗಳ ಜಗಳದ ಬಿಲ್ಲನ್ನ ಗೇಮ್ ಆಡೋ ಹುಡುಗರ ಕೈಲಿ ಕಟ್ಟಿಸಿದ್ರು ಅನ್ನೋದೇ ನನ್ನ ತಕರಾರು.

ನೀಲಿ_ಕಿರಣ
ಆ ಬಿಲ್ ಕಟ್ಟಿದವರಿಗೇ ಲಾಭಾನೂ ಆಯ್ತಲ್ಲ. 2006ರಲ್ಲಿ ಬರೀ ಬ್ಲೂ-ರೇ ಪ್ಲೇಯರ್ ತಗೊಂಡ್ರೆ ಸಾವಿರ ಡಾಲರ್. ಪಿಎಸ್3 ಅದರ ಅರ್ಧಕ್ಕೆ, ಜೊತೆಗೆ ಗೇಮು ಬಿಟ್ಟಿ! ಆ ಸಾವಿರ ಡಾಲರ್ ಡಬ್ಬಗಳಿಗೆ ಬ್ಲೂ-ರೇಯ ಹೊಸ ಸೌಲಭ್ಯ ಬರಲಿಲ್ಲ, ಪಿಎಸ್3ಗೆ 2008ರಲ್ಲಿ ಒಂದು ಅಪ್‌ಡೇಟ್‌ನಲ್ಲಿ ಬಂತು. ಪಿಕ್ಚರ್ ಪ್ರಿಯರು ಗೇಮ್ ಮುಟ್ಟದಿದ್ರೂ ಪಿಎಸ್3 ತಗೊಂಡ್ರು. ಸ್ಟುಡಿಯೋದವರು ನೋಡಿದ್ದು ಅದನ್ನೇ: ಎಷ್ಟು ಮನೇಲಿ ನಮ್ಮ ಡಿಸ್ಕ್ ಓಡೋ ಯಂತ್ರ ಇದೆ?

ಎದುರುಗಡೆ ಮೈಕ್ರೋಸಾಫ್ಟ್ ಏನು ಮಾಡ್ತು? ಡ್ರೈವನ್ನ ಹೊರಗಿಟ್ಟು “ಬೇಕಾದ್ರೆ ತಗೊಳ್ಳಿ” ಅಂತು. ಅದೇ 2006ರ ನವೆಂಬರ್‌ನಲ್ಲೇ 360ಗೆ ಎಚ್‌ಡಿ ಪಿಕ್ಚರ್ ಡೌನ್‌ಲೋಡ್ ಅಂಗಡಿನೂ ತೆಗೀತು. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ.

ಕಂಟ್ರೋಲರ್_ಕಿಟ್ಟಿ
ಹಾಗಾದ್ರೆ ಮೈಕ್ರೋಸಾಫ್ಟೇ ಜಾಣ. ಈಗ ಎಲ್ಲಾ ಡೌನ್‌ಲೋಡೇ ತಾನೆ?

ಗಿರಿನಗರ_ಗೇಮರ್
ಜಾಣ ಅಂತೆ. 2013ರ ಎಕ್ಸ್‌ಬಾಕ್ಸ್ ಒನ್ ಒಳಗೆ ಯಾವ ಡ್ರೈವ್ ಇತ್ತು ನೋಡ್ಕೊ. ಬ್ಲೂ-ರೇ!

ಕುಡ್ಲದ_ಗಾಳಿ
ನೀವಿಬ್ಬರು ಕುಸ್ತಿ ಆಡುವಾಗ ನಮ್ಮ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ವೀ ಹತ್ತು ಕೋಟಿ ದಾಟಿ ಹೋಯ್ತು. ಅದರಲ್ಲಿ ಬ್ಲೂ-ರೇ ಬಿಡಿ, ಒಂದು ಡಿವಿಡಿ ಪಿಕ್ಚರ್ ಹಾಕ್ಲಿಕ್ಕೂ ಆಗುದಿಲ್ಲ. ನಮ್ಮ ಅತ್ತೆ ಎಪ್ಪತ್ತು ವರ್ಷಕ್ಕೆ ಅದರಲ್ಲಿ ಬೌಲಿಂಗ್ ಆಡಿ ಶೋಕೇಸಿನ ಗಾಜು ಒಡೆದಿದ್ದಾರೆ. ಯಾವ ಪಿಎಸ್3ಗೆ ಆ ಯೋಗ ಉಂಟು ಹೇಳಿ?

ಮೈಸೂರ್_ಪಾಕ್
ನನ್ನ ಹೊಟ್ಟೆ ಉರಿ ಬೇರೆ. ಬ್ಲೂ-ರೇಲಿ ಅಮೆರಿಕ ಎ ವಲಯ, ಭಾರತ ಸಿ ವಲಯ. ಅಣ್ಣ ಕಳಿಸಿದ ಪಿಕ್ಚರ್ ಇಲ್ಲಿ ಹಾಕಿದ್ರೆ “ಈ ವಲಯದ್ದಲ್ಲ” ಅನ್ನುತ್ತೆ. ಪಿಎಸ್3 ಗೇಮ್‌ಗೆ ಈ ಕಾಟ ಹೆಚ್ಚುಕಮ್ಮಿ ಇರಲೇ ಇಲ್ಲ, ಎಲ್ಲಿಂದ ತಂದ್ರೂ ಓಡ್ತಿತ್ತು. ಎಚ್‌ಡಿ ಡಿವಿಡಿಗಂತೂ ವಲಯ ಅನ್ನೋದೇ ಇರಲಿಲ್ಲ. ಅಟ್ಟದವರೇ, ನಿಮ್ಮ ಏಳು ಡಿಸ್ಕಿಗೆ ಆ ಮಟ್ಟಿಗೆ ಸ್ವಾತಂತ್ರ್ಯ ಇದೆ.

ಅಟ್ಟದ_ಪೆಟ್ಟಿಗೆ
ಸ್ವಾತಂತ್ರ್ಯ ಇದ್ದು ಏನು ಬಂತು, ಹಾಕೋದು ಎಲ್ಲಿಗೆ? 360 ಯಾವಾಗಲೋ ಗುಜರಿಗೆ ಹೋಯ್ತು.

ಕೌಶಲ್ಯ_ಕೋಡ್
ಅದು ಸಾದಾ ಯುಎಸ್‌ಬಿ ಡ್ರೈವ್. ಕಂಪ್ಯೂಟರ್‌ಗೆ ಚುಚ್ಚಿ, ಡಿಸ್ಕ್ ಡ್ರೈವ್ ಅಂತ ಕಾಣುತ್ತೆ. ಡಿವಿಡಿ, ಸಿಡಿಯನ್ನೂ ಓದುತ್ತೆ. ಎಚ್‌ಡಿ ಡಿವಿಡಿ ಪಿಕ್ಚರ್ ನೋಡೋಕೆ ಮಾತ್ರ ಅದಕ್ಕೆ ತಕ್ಕ ಹಳೇ ಸಾಫ್ಟ್‌ವೇರ್ ಬೇಕು. ಆದ್ರೆ ಮೊದಲು ಪವರ್ ಅಡಾಪ್ಟರ್ ಮೇಲಿನ ಚೀಟಿ ಓದಿ! 100–240 ಅಂತ ಇದ್ರೆ ಸರಿ. ಬರೀ 120 ಅಂತಿದ್ರೆ ನಮ್ಮ 230 ವೋಲ್ಟ್‌ಗೆ ಹಾಕಿದ ಕ್ಷಣವೇ ಊದಿನಕಡ್ಡಿ.

ಅಟ್ಟದ_ಪೆಟ್ಟಿಗೆ
ಚೀಟಿ ಮೇಲಿನ ಅಕ್ಷರ ಅಳಿಸಿ ಹೋಗಿದೆ. ಮಾವ ತಂದಿದ್ದ ಹಳೇ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಅದೇ ಅಟ್ಟದಲ್ಲಿದೆ. ಹಲಸಿನಹಣ್ಣಿನಷ್ಟು ಭಾರ. ನಾಳೆ ಇಳಿಸ್ತೀನಿ.

ಹುಬ್ಬಳ್ಳಿ_ಹುಲಿ
ಸಾವಕಾಶ ಇಳಸ್ರೀ. ಡ್ರೈವ್ ಸುಟ್ರ ಐವತ್ತು ಡಾಲರ್, ಸೊಂಟ ಉಳುಕಿದ್ರ ಲಕ್ಷ.

ಹಳೇ_ಕ್ಯಾಸೆಟ್
ನಾಳೆಯವರೆಗೆ ಇನ್ನೊಂದು ಮಾತು. ಈಗ ಪಿಎಸ್5 ಪ್ರೋಗೆ ಡಿಸ್ಕ್ ಡ್ರೈವೇ ಬೇರೆಯಾಗಿ ಕೊಳ್ಳಬೇಕು. ಖಾಲಿ ಬ್ಲೂ-ರೇ ಡಿಸ್ಕ್ ಮಾಡೋದನ್ನ ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. 2006ರಲ್ಲಿ ಡ್ರೈವ್ ಹೊರಗಿಟ್ಟಿದ್ದಕ್ಕೆ ನಾವು ಮೈಕ್ರೋಸಾಫ್ಟನ್ನ ಆಡ್ಕೊಂಡ್ವಿ.

ಗಿರಿನಗರ_ಗೇಮರ್
ಡಿಸ್ಕ್ ಇದ್ರೆ ಆಡಿ ಮುಗಿಸಿ ಅರ್ಧ ಬೆಲೆಗೆ ಮಾರಬಹುದಿತ್ತು. ಡೌನ್‌ಲೋಡ್ ಮಾಡಿದ್ದನ್ನ ಯಾರಿಗೆ ಮಾರ್ತೀರಾ?

ಅಟ್ಟದ_ಪೆಟ್ಟಿಗೆ
ವರದಿ. ಟ್ರಾನ್ಸ್‌ಫಾರ್ಮರ್ ಗುಂಯ್ ಅಂತು, ಡ್ರೈವ್ ದೀಪ ಹತ್ತಿತು. ಏಳು ಡಿಸ್ಕಲ್ಲಿ ನಾಲ್ಕು ಗುರುತೇ ಹಿಡೀಲಿಲ್ಲ. ಮೂರರ ಕಡತಗಳು ಕಾಣಿಸ್ತು, ಆದ್ರೆ ತೆರೆಯೋ ಸಾಫ್ಟ್‌ವೇರ್ ಇಲ್ಲ. ಮಾವ ಸಪ್ಪೆ ಮುಖ ಮಾಡ್ಕೊಂಡ್ರು. ಅಷ್ಟರಲ್ಲಿ ಅಮ್ಮ ಬೀರುವಿನಿಂದ ಮಾವನ ಮದುವೆ ಡಿವಿಡಿ ತಂದು ಕೊಟ್ಟು, ಇದನ್ನ ಹಾಕಿ ನೋಡು ಅಂದ್ರು. ಓಡ್ತು! ಧಾರೆ, ನಾಗೋಲೆ, ಊಟದ ಪಂಕ್ತಿ, ಎಲ್ಲಾ ಮಬ್ಬು ಮಬ್ಬು, ಮಾವನ ತಲೆ ತುಂಬಾ ಕೂದಲು. ಮಾವ-ಭಾವ ಈಗ ಪಂಕ್ತಿಯಲ್ಲಿ ಮೂರನೇ ಎಲೆಗೆ ಕೂತಿರೋದು ಯಾರು ಅಂತ ಜಗಳ ಆಡ್ತಿದ್ದಾರೆ.

ಎಡಿಸನ್_ಅಕ್ಕ
ಆ ನಾಲ್ಕು ಡಿಸ್ಕ್ ಯಾವುದು ಹೇಳಿ. ನಮ್ಮ ಬೇಸ್‌ಮೆಂಟಲ್ಲಿ ಇಪ್ಪತ್ತಿವೆ, ಪೋಸ್ಟ್ ಖರ್ಚು ನಿಮ್ಮದು.